ನಾವು ಸ್ಕೀಯಿಂಗಿಗೆ ಹೋದ ಶನಿವಾರ

ಅಮೆರಿಕದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸ್ ಸಾಲಿನವರು ಎಲ್ಲಿಗೇ ಹೊರಟರೂ ನೆಟ್ಟಗೆ ಹೋಗಿ ನೆಟ್ಟಗೆ ವಾಪಸ್ ಬಂದ ದಾಖಲೆ ಇಲ್ಲ. ತೊಂಬತ್ತರ ದಶಕದ ಒಂದು ಚಳಿಗಾಲ. ಬೆಟ್ಟದ ಮೇಲೆ ಹೊಸ ಹಿಮ ಬಿದ್ದಿದೆ ಅಂತ ಟೀವಿಯಲ್ಲಿ ಹೇಳಿದ್ದೇ ತಡ, ಪಕ್ಕದ ಮನೆಯ ಡಾಕ್ಟರು ಬಾಗಿಲು ಬಡಿದರು. ಧಾರವಾಡದ ಕಡೆಯವರು, ಮೂಳೆ ಡಾಕ್ಟರು. "ಏಳ್ರಿ, ಸ್ಕೀಯಿಂಗ್ ಹೋಗೂಣು!"

"ಕಾಲು ಮುರಕೊಳ್ಳಾಕ ಮೂರು ತಾಸು ಡ್ರೈವ್ ಯಾಕ?" ಅಂತ ಅವರ ಹೆಂಡತಿ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದರು. ಹೊರಟವರು ಡಾಕ್ಟರು, ಅವರ ಏಳು ವರ್ಷದ ಮಗಳು, ನಾನು, ನನ್ನ ಹೆಂಡತಿ. ಹುಡುಗಿಗೆ ಸ್ಕೀಯಿಂಗ್ ಬರುತ್ತಿತ್ತು. ನಾವು ಮೂವರು ದೊಡ್ಡವರು ಅಲ್ಲಿಯವರೆಗೆ ಹಿಮದಲ್ಲಿ ಮಾಡಿದ್ದ ಸಾಹಸ ಅಂದರೆ ಕಾರಿನ ಗಾಜು ಕೆರೆದದ್ದು.

ತೂಕ

ಕಾಲಿಗೆ ಕಟ್ಟುವ ಸ್ಕೀ ಹಲಗೆ ಬಾಡಿಗೆಗೆ ಕೊಡುವಲ್ಲಿ ಒಂದು ಫಾರಂ. ಎತ್ತರ, ತೂಕ ಬರೆಯಬೇಕು. ನನ್ನ ಹೆಂಡತಿ ಕೈ ಅಡ್ಡ ಇಟ್ಟುಕೊಂಡು, ಪರೀಕ್ಷೆಯಲ್ಲಿ ಪಕ್ಕದವರು ಕಾಪಿ ಹೊಡೆಯದಂತೆ ಬರೆದಳು. ಆ ತೂಕ ನೋಡಿಯೇ ಸ್ಕೀ ಬೂಟಿಗೆ ಎಷ್ಟು ಬಿಗಿಯಾಗಿ ಕೂರಬೇಕು ಅಂತ ತಿರುಪು ತಿರುಗಿಸುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಹೊರಗೆ ಬಂದು ಒಂದು ಹೆಜ್ಜೆ ಇಟ್ಟಳು, ಎಡಗಾಲಿನ ಸ್ಕೀ ಕಳಚಿತು. ಇನ್ನೊಂದಕ್ಕೆ ಬಲಗಾಲಿನದು. ಐದನೇ ಸಲ ಕಳಚಿದಾಗ ಅಂಗಡಿಯವನು ಬಂದು ಮೆಲ್ಲಗೆ ಕೇಳಿದ, "ಮ್ಯಾಮ್, ಫಾರಂನಲ್ಲಿ ಬರೆದದ್ದು ಸರಿಯಾಗಿದೆ ತಾನೇ?"

"ರೀ, ನೀವು ಸ್ವಲ್ಪ ಆ ಕಡೆ ಹೋಗಿ," ಅಂದಳು ನನಗೆ. ಹತ್ತಡಿ ಹೋದೆ. "ಇನ್ನೂ ಆ ಕಡೆ."

ಅವನಿಗೆ ಏನೋ ಪಿಸುಗುಟ್ಟಿದಳು. ಆಮೇಲೆ ಸ್ಕೀ ಕಳಚಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನನಗೆ ಸಿಗದ ನಂಬರು, ಆ ಪುಣ್ಯಾತ್ಮನಿಗೆ ಐದು ನಿಮಿಷದಲ್ಲಿ ಸಿಕ್ಕಿತು.

ಪಿಜ್ಜಾ

ನಿಲ್ಲಬೇಕಾದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನದನ್ನು ಅಗಲಿಸಿ, ಪಿಜ್ಜಾ ತುಂಡಿನ ಹಾಗೆ ಕಾಣಬೇಕು ಅಂತ ಸ್ಕೀಯಿಂಗ್ ಕಲಿಸುವ ಟೀಚರಮ್ಮ ಹೇಳಿಕೊಟ್ಟಳು. ಆಗ ಡಾಕ್ಟರು ಬೂಟಿನ ಬಕಲಿನ ಜೊತೆ ಗುದ್ದಾಡುತ್ತಿದ್ದರು, ಪಾಠ ಕೇಳಿಸಿಕೊಳ್ಳಲಿಲ್ಲ. ಅವರ ಸರದಿ ಬಂತು. ಇಳಿದರು. ವೇಗ ಏರಿತು, ಏರುತ್ತಲೇ ಹೋಯಿತು.

"ಪಿಜ್ಜಾ! ಸರ್, ಪಿಜ್ಜಾ!" ಟೀಚರಮ್ಮ ಹಿಂದಿನಿಂದ ಕಿರುಚಿದಳು.

"ನೋ ಥ್ಯಾಂಕ್ಸ್!" ಅಂತ ಡಾಕ್ಟರು ತಿರುಗಿ ನೋಡದೆ ಕೂಗಿದರು. "ವಿ ಹ್ಯಾವ್ ಚಪಾತಿ!" ಅಷ್ಟರಲ್ಲಿ ಬೇಲಿಯ ಬಲೆ ಬಂದು ಅವರನ್ನು ಹಿಡಿದುಕೊಂಡಿತು.

ಕುರ್ಚಿ

ಮೇಲಿನ ಇಳಿಜಾರಿಗೆ ತೂಗಾಡುವ ಲಿಫ್ಟಿನ ಕುರ್ಚಿಯಲ್ಲಿ ಹೋಗಬೇಕು. ನನ್ನ ಜೊತೆ ಡಾಕ್ಟರ ಮಗಳು.

"ಅಂಕಲ್, ಯಾಕ ಕಣ್ಣು ಕ್ಲೋಸ್ ಮಾಡೀರಿ?"

"ದೇವರನ್ನ ನೆನೀತಿದೀನಿ ಪುಟ್ಟಿ."

"ಈಗ ಓಪನ್ ಮಾಡ್ರಿ. ವಿ ಹ್ಯಾವ್ ಟು ಗೆಟ್ ಆಫ್."

ಕುರ್ಚಿಯ ಕಂಬಿ ಬಿಡಲು ನನ್ನ ಕೈ ಒಪ್ಪಲಿಲ್ಲ. ಲಿಫ್ಟನ್ನೇ ನಿಲ್ಲಿಸಬೇಕಾಯಿತು. ನಮ್ಮ ಹಿಂದಿನವರೆಲ್ಲ ಗಾಳಿಯಲ್ಲಿ ಜೋತಾಡುತ್ತಾ ಕೂತರು. ಲಿಫ್ಟಿನವನು ಓಡಿಬಂದು ಅವಳನ್ನು ಕೇಳಿದ, "ನಿನ್ನ ಜೊತೆ ದೊಡ್ಡವರು ಯಾರಾದರೂ ಇದ್ದಾರಾ ಮರಿ?"

ಹುಡುಗಿ ನನ್ನನ್ನು ಒಂದು ಸಲ ಪೂರ್ತಿ ನೋಡಿ, "ನೋ," ಅಂದಳು.

ಪೇಷಂಟು

ಸಂಜೆ ಹೊತ್ತಿಗೆ ಡಾಕ್ಟರು ಮೇಲಿನ ಇಳಿಜಾರಿನ ತುದಿಯಲ್ಲೇ ಹದಿನಾರನೆಯ ಸಲವೋ ಏನೋ ಬಿದ್ದು, ಎದ್ದೇಳಲು ಬೇಜಾರಾಗಿ ಅಲ್ಲೇ ಕೂತಿದ್ದರು. ಗಾಯಾಳುಗಳನ್ನು ಸಾಗಿಸುವ ಕೆಂಪು ಕೋಟಿನವರು ಇಬ್ಬರು ಬಂದು, "ಆರಾಮಾಗಿದ್ದೀರಾ?" ಅಂದರು. ಡಾಕ್ಟರಿಗೆ ಏದುಸಿರು, ಮಾತು ಹೊರಡದು. ಹೂಂ ಅನ್ನಲು ನಮ್ಮವರ ಹಾಗೆ ತಲೆಯನ್ನು ಆ ಕಡೆ ಈ ಕಡೆ ಓಲಾಡಿಸಿದರು.

"ಕತ್ತು ಅಲ್ಲಾಡಿಸಬೇಡಿ!" ಅಂತ ಒಬ್ಬ ಕೂಗಿದ. "ಕತ್ತು ನೋಯುತ್ತಾ?" ಇಲ್ಲ ಅಂತ ಇನ್ನೂ ಜೋರಾಗಿ ಅಲ್ಲಾಡಿಸಿದರು. ಕುತ್ತಿಗೆಗೆ ಪಟ್ಟಿ ಬಿತ್ತು. ಜಾರುಬಂಡಿಯಲ್ಲಿ ಮಲಗಿಸಿ ಕಂಬಳಿ ಹೊದಿಸಿ ಬೆಲ್ಟು ಬಿಗಿದರು. ಅಷ್ಟರಲ್ಲಿ ಉಸಿರು ಬಂದು, "ಐ ಆಮ್ ಎ ಡಾಕ್ಟರ್! ಬೋನ್ ಡಾಕ್ಟರ್!" ಅಂದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ತಲೆಗೂ ಪೆಟ್ಟಾಗಿದೆ ಅಂತ ಖಾತ್ರಿಯಾಯಿತು. ಬುದ್ಧಿ ನೆಟ್ಟಗಿದೆಯಾ ಅಂತ ನೋಡಲು ಒಬ್ಬ ಕೇಳಿದ, "ಪ್ರೆಸಿಡೆಂಟ್ ಯಾರು ಹೇಳಿ ಸರ್?"

"ಯಾವ ದೇಶದ್ದು? ನಿಮ್ಮದೋ ನಮ್ಮದೋ?"

ಕಂಬಳಿ ಇನ್ನೊಂದು ಬಿತ್ತು.

ಸುದ್ದಿ ತಿಳಿದು ನಾವು ಕೆಳಗಿನ ಶುಶ್ರೂಷೆಯ ಕೋಣೆಗೆ ಓಡಿದೆವು. ಹುಡುಗಿ ಅಳುತ್ತಿದ್ದಳು. ಒಳಗೆ ಕಂಬಳಿಯೊಳಗಿಂದ ಮೂಗು ಮಾತ್ರ ಕಾಣುತ್ತಿತ್ತು. "ಡಾಕ್ಟ್ರೇ, ಏನಾಯ್ತು?" ಅಂದೆ.

ಕಣ್ಣು ತೆರೆದರು. ಮುಖದ ತುಂಬ ನಗು.

"ನೀವೇನರ ಅನ್ರಿ, ಇಡೀ ಗುಡ್ಡಾ ಒಂದ ಸಲಾನೂ ಬೀಳಲಾರ್ದ ಇಳದಾಂವ ಇವತ್ತ ನಾ ಒಬ್ಬನ!"