ಒಂದು ಹನಿ ಬಿದ್ದರೆ ಸ್ಲ್ಯಾಬು

ಸಿಮೆಂಟಿನ ಮನೆ ಕಟ್ಟುವವನನ್ನು ನಮ್ಮ ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ಮಣ್ಣಿನ ಮನೆ ರಿಪೇರಿ ಮಾಡಿಸುವವನನ್ನು ಮಾತ್ರ ಪೇಟೆಗೆ ಹೋಗುವಾಗ ಇಬ್ಬರು, ತಿರುಗಿ ಬರುವಾಗ ಮೂವರು ನಿಲ್ಲಿಸಿ, ಮನೆಯಲ್ಲಿ ಎಲ್ಲ ಆರಾಮ ಇದ್ದಾರೆಯೇ ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ. ಕಳೆದ ಬೇಸಿಗೆಯಿಡೀ ನನ್ನನ್ನು ಹೀಗೆ ವಿಚಾರಿಸಲಾಯಿತು. ಒಂದು ವಿಚಾರಣೆ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು.

ಜಮಖಂಡಿಯ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಮೊಳದಷ್ಟು ದಪ್ಪನೆಯ ಮಣ್ಣಿನ ಗೋಡೆ, ಸಾಗವಾನಿ ತೊಲೆ, ಮೇಲೆ ಮಾಳಿಗೆ, ಎಂದರೆ ಮಣ್ಣಿನದೇ ಚಪ್ಪಟೆ ಚಾವಣಿ. ಆ ಮಾಳಿಗೆ ಮೂರು ವರ್ಷದಿಂದ ಸೋರುತ್ತಿತ್ತು. ಎಲ್ಲ ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂಬುದು ಹೆಂಡತಿಯ ಆಸೆ. ನಾನು ಕಾಲೇಜಿನಲ್ಲಿ ಪರಿಸರದ ಪಾಠ ಹೇಳುವವನು. ಹೇಳಿ ಹೇಳಿ ಅದನ್ನು ನಂಬುವ ರೋಗ ಅಂಟಿಸಿಕೊಂಡವನು. ಹಳೆಯ ಮನೆಯನ್ನು ಹಳೆಯ ರೀತಿಯಲ್ಲೇ ಸರಿಮಾಡಿಸೋಣ ಎಂದೆ. ಮೂರು ದಿನ ಚರ್ಚೆಯಾಯಿತು. ನಾಲ್ಕನೆಯ ದಿನ ಹೆಂಡತಿ ತೀರ್ಪು ಕೊಟ್ಟಳು.

“ಆತು, ನಿಮ್ಮ ಮಣ್ಣಿನ ಮನೀನ ಮಾಡಸ್ರಿ. ಜೂನ್ ತಿಂಗಳ ಕಾರ ಹುಣ್ಣಿವಿ ತನಾ ಟೈಮ್ ಐತಿ. ಆಮ್ಯಾಲೆ ಬರೂ ಮೊದಲನೇ ಮಳಿಗಿ ಒಳಗ ಒಂದ ಹನಿ ಬಿದ್ರೂ, ಮರುದಿನ ಸ್ಲ್ಯಾಬಿನವ್ರು ಬರ್ತಾರ.”

ಸ್ಲ್ಯಾಬ್ ಹಾಕುವವನ ನಂಬರು ಅವಳ ಫೋನಿನಲ್ಲಿ ಆಗಲೇ ‘ಸ್ಲ್ಯಾಬ್ ಅಣ್ಣ’ ಎಂಬ ಹೆಸರಿನಲ್ಲಿತ್ತು. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಪಾಠ ಮಾಡುತ್ತ ಕಿಟಕಿಯಾಚೆ ಮೋಡ ನೋಡುವುದು, ಊಟದ ನಡುವೆ ಎದ್ದು ನಿಚ್ಚಣಿಕೆ ಹತ್ತುವುದು, ಇಳಿದು ಬಂದು ಫೋನಿನಲ್ಲಿ ಹವಾಮಾನ ನೋಡುವುದು. ಮಾರ್ಚ್ ತಿಂಗಳಲ್ಲಿ ಜಮಖಂಡಿಯ ಆಕಾಶವನ್ನು ಅಷ್ಟು ಸಂಶಯದಿಂದ ನೋಡಿದವರು ಬೇರೆ ಇರಲಾರರು.

೧. ನಾಲಿಗೆ

ಮಣ್ಣಿನ ಕೆಲಸ ಬಲ್ಲ ಗೌಂಡಿ ಕೊನೆಗೆ ಬೀಳಗಿ ಕಡೆ ಸಿಕ್ಕರು. ವಯಸ್ಸಾದವರು. ಕಾಕಾ ಎಂದು ಕರೆದೆ. ಅವರು ಬರುವ ದಿನಕ್ಕೆಂದು ನಾಲ್ಕು ಕಡೆಯ ಮಣ್ಣನ್ನು ನಾಲ್ಕು ಪ್ಲಾಸ್ಟಿಕ್ ಚೀಲಗಳಲ್ಲಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಅಂದು ಬೆಳಿಗ್ಗೆ ಚೀಟಿ ಅಂಟಿಸಿ ಸಾಲಾಗಿ ಜೋಡಿಸಿದ್ದೆ. ಕಾಕಾ ಚೀಟಿಯ ಕಡೆ ನೋಡಲೇ ಇಲ್ಲ. ಮೊದಲ ಚೀಲದಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದರು.

“ಬೀಳಗಿ ಕಡೀದು. ಸಪ್ಪ. ಗ್ವಾಡಿಗಿ ನಡೀತೇತಿ.”

ಎರಡನೆಯದು. “ಹಿಪ್ಪರಗಿ ಹೊಳಿ ದಂಡಿದು. ಉಸುಕ ಹೆಚ್ಚ.”

ಮೂರನೆಯದಕ್ಕೆ ಕಣ್ಣು ಮುಚ್ಚಿದರು. “ಹಾಂ. ತುಬಚಿದು. ಸವಳು. ಉಪ್ಪ ಐತಿ. ಮಾಳಗಿಗಿ ಇದ ಬೇಕು. ಒಮ್ಮೆ ನೀರ ಬಿತ್ತಂದ್ರ ಬಿಗದ ಕುಂದರತೇತಿ, ಹನಿ ಇಳಿಯಂಗಿಲ್ಲ.”

ಮೂರೂ ಸರಿ. ನಾನು ಹೆಮ್ಮೆಯಿಂದ ನಾಲ್ಕನೆಯದನ್ನು ಮುಂದೆ ಮಾಡಿದೆ. ಮುಧೋಳ ಕಡೆಯ ಅಪ್ಪಟ ಎರೆಮಣ್ಣು. ಕಾಕಾ ಒಂದು ಚಿಟಿಕೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ಹಾಕಿಕೊಂಡರು.

“ಇದು ಮಣ್ಣಲ್ರಿ ಸರ್ರ. ಗುರೆಳ್ಳ ಚಟ್ನಿ. ಛಲೋ ಆಗೇತಿ. ಉಪ್ಪ ಒಂದೀಟ ಮುಂದ ಬೇಕಾಗಿತ್ತು.”

ಒಳಗಿನಿಂದ ಹೆಂಡತಿ ಓಡಿ ಬಂದಳು. “ಅಯ್ಯ! ಚಟ್ನಿ ಚೀಲಾನೂ ಅಲ್ಲೇ ಇತ್ತು! ಹಂಗಾರ ನಾ ನಿನ್ನಿ ಚಟ್ನಿ ಡಬ್ಬಿಗಿ ಸುರುವಿದ್ದೇನ?”

ನಾನು ನಾಲಿಗೆ ಒರೆಸಿಕೊಂಡೆ. ಅಂದು ಬೆಳಿಗ್ಗೆ ರೊಟ್ಟಿಗೆ ಆ ಡಬ್ಬಿಯಿಂದ ಎರಡು ಸಲ ಹಾಕಿಸಿಕೊಂಡಿದ್ದೆ. ಎಣ್ಣೆ ಕೂಡ ಕೇಳಿದ್ದೆ.

೨. ಯಾರಿಗೂ ಬೇಡವಾದ ಮಣ್ಣು

ತುಬಚಿ ಕಡೆ ನೀರಾವರಿ ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಕೆಲವು ಹೊಲಗಳಿಗೆ ಸವಳೂ ಬಂತು. ಸವಳು ಬಿದ್ದ ಹೊಲದಲ್ಲಿ ಏನೂ ಏಳುವುದಿಲ್ಲ. ಅಂಥ ಹೊಲದ ಒಬ್ಬ ಗೌಡರ ಮನೆಗೆ ನಾನು, ಕಾಕಾ ಹೋದೆವು.

“ನಿಮ್ಮ ಹೊಲದ ಮಣ್ಣು ಒಂದು ಟ್ರಾಲಿ ಬೇಕಾಗಿತ್ರಿ.”

“ಯಾವ ಹೊಲದ್ದು?”

“ಅದ, ಸವಳ ಬಿದ್ದದ್ದು.”

ಗೌಡರು ನನ್ನನ್ನು ನೋಡಿದರು. ಕಾಕಾನನ್ನು ನೋಡಿದರು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದರು. “ಏ, ಬಾರ ಇಲ್ಲೆ ಲಗೂನ!” ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. “ಹಾಂ ಸರ್ರ, ಈಗ ಮತ್ತೊಮ್ಮೆ ಹೇಳ್ರಿ.”

ಮತ್ತೊಮ್ಮೆ ಹೇಳಿದೆ. ನಮಗೆ ಚಹಾ ಆಯಿತು, ಚಹಾದ ಹಿಂದೆ ಅವಲಕ್ಕಿ ಆಯಿತು. ಗೌಡರು ತಮ್ಮದೇ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ನಮ್ಮ ಓಣಿಯಲ್ಲಿ ಸುರುವಿ, ಪುಕ್ಕಟೆ ಕೊಟ್ಟು, ಕೈ ಮುಗಿದು ಹೋದರು. ನಮಗೆ ಬೇಕಾದದ್ದು ಅಷ್ಟೇ.

ಮರುದಿನ ಮುಂಜಾನೆ ಎರಡನೆಯ ಟ್ರಾಲಿ ಬಂತು. “ಇರಲಿ ತಗೋರಿ, ಅದರ ಜೋಡಿ.” ಅದರ ಮರುದಿನ ಮೂರನೆಯದು. ಓಣಿಯಲ್ಲಿ ಬೈಕು ದಾಟುವುದು ಕಷ್ಟವಾಯಿತು. ಹಾಲಿನವನು ಮೂಲೆಯಲ್ಲೇ ನಿಂತು ಕೂಗತೊಡಗಿದ. ನಾನು ಟ್ರ್ಯಾಕ್ಟರಿನ ಮುಂದೆ ಕೈ ಅಗಲಿಸಿ ನಿಂತೆ.

“ಗೌಡ್ರ, ಸಾಕ್ರಿ! ಇನ್ನ ಬ್ಯಾಡ!”

ಗೌಡರು ಮೇಲಿನಿಂದಲೇ ನಕ್ಕರು. “ನಾಚಬ್ಯಾಡ್ರಿ ಸರ್ರ. ಇನ್ನೂ ಎರಡ ಎಕರೆ ಐತಿ.”

೩. ಗೋಡೆಯ ಪಥ್ಯ

ಹೊರಗೋಡೆಗೆ ಸುಣ್ಣದ ಗಿಲಾವು. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿದರೆ ಹಿಡಿತ ಬರುತ್ತದೆ ಎಂದರು ಕಾಕಾ. ನಾನು ಕಿರಾಣಿ ಅಂಗಡಿಯಿಂದ ಬಂಗಾರದ ಬಣ್ಣದ, ನೋಡಿದರೆ ಬಾಯಲ್ಲಿ ನೀರು ಬರುವಂಥ ಬೆಲ್ಲ ತಂದೆ. ಕಾಕಾ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಗುಳಿದರು.

“ಇದು ನಡಿಯಂಗಿಲ್ರಿ. ಬಣ್ಣ ಬರಲಿ ಅಂತ ಔಷಧ ಹಾಕ್ಯಾರ. ಗ್ವಾಡಿ ಕೆಡತೇತಿ.”

“ಮತ್ತ ಇದನ್ನೇನ ಮಾಡೂದು ಕಾಕಾ?”

“ಮನಿಮಂದಿ ತಿನ್ರಿ.”

ಔಷಧ ಹಾಕದ ಬೆಲ್ಲ ಹುಡುಕುತ್ತ ಬೈಕು ಹತ್ತಿ ಮುಧೋಳದ ಹಾದಿ ಹಿಡಿದೆ. ಬಿಸಿಲಿನಲ್ಲಿ ಮೂರು ಗಾಣ ಸುತ್ತಿದ ಮೇಲೆ ಒಂದು ಕಡೆ ಸಿಕ್ಕಿತು, ಕಾಡಿಗೆಯಂತೆ ಕಪ್ಪಾದದ್ದು. ಗಾಣದ ಯಜಮಾನರು ಅದನ್ನು ಬಟ್ಟೆಯಲ್ಲಿ ಜೋಪಾನವಾಗಿ ಸುತ್ತುತ್ತ ಕೇಳಿದರು. “ಬಾಣಂತಿಗೇನ್ರಿ?”

“ಅಲ್ರಿ. ಗ್ವಾಡಿಗಿ.”

ಅವರು ಸುತ್ತುವುದನ್ನು ನಿಲ್ಲಿಸಿದರು. “ಮನ್ಯಾಗ ಎಲ್ಲಾರೂ ಆರಾಮದಾರಲ್ರಿ?” ಎಂದು ದನಿ ತಗ್ಗಿಸಿ ವಿಚಾರಿಸಿದರು.

ಮುಂದೆ ಮೂರು ವಾರ ನಮ್ಮ ಗೋಡೆ ಶುದ್ಧ ಬೆಲ್ಲ ತಿಂದಿತು, ನಾವು ಔಷಧದ್ದು ತಿಂದೆವು. ಹೆಂಡತಿಗೆ ಒಂದು ದಿನ ತಡೆಯಲಾಗಲಿಲ್ಲ. ಚಹಾಕ್ಕೆ ನೀರು ಇಟ್ಟು, ಬಟ್ಟಲು ಹಿಡಿದು ಕಾಕಾನ ಮುಂದೆ ಹೋಗಿ ನಿಂತಳು. “ಕಾಕಾ, ಗ್ವಾಡಿ ಬೆಲ್ಲದಾಗಿಂದು ಒಂದ ಚೂರ ಕೊಡ್ರಿ.”

ಕಾಕಾ ಬಹಳ ಯೋಚನೆ ಮಾಡಿ ಹೆಬ್ಬೆರಳಿನಷ್ಟು ಮುರಿದು ಕೊಟ್ಟರು. “ಇವತ್ತ ಒಂದಿನ ಕೊಡತೇನ್ರಿ ಅಕ್ಕಾರ. ನಾಳಿ ಗ್ವಾಡಿಗಿ ಅಶಕ್ತಿ ಆದ್ರ ನನ್ನ ಕೇಳಬ್ಯಾಡ್ರಿ.”

೪. ಬೆರಳು

ಮಣ್ಣಿನ ಗೋಡೆ ಮಳೆಗೆ ಹೆದರುವುದಿಲ್ಲ. ಅದು ಹೆದರುವುದು ಬಂದವರ ಬೆರಳಿಗೆ. ಮಣ್ಣಿನದು ಎಂದು ಗೊತ್ತಾದ ಕೂಡಲೇ ಎಲ್ಲರಿಗೂ ಉಗುರಿನಿಂದ ಒಮ್ಮೆ ಕೆರೆದು ನೋಡಬೇಕು.

ಹೆಂಡತಿಯ ಅಣ್ಣ ಬನಹಟ್ಟಿಯಿಂದ ಹೊಸ ಕಾರಿನಲ್ಲಿ ಬಂದರು. ಉಗುರಿಗೆ ಗೋಡೆ ಜಗ್ಗಲಿಲ್ಲ. ಕಾರಿನ ಕೀಲಿ ತೆಗೆದು ಗೋಡೆಗೆ ಒತ್ತಿ ತಿರುವಿದರು. ಒಂದು ಚೂರು ಉದುರಿತು.

“ನೋಡ್ರಿ, ನೋಡ್ರಿ! ನಾ ಹೇಳಿದ್ನಿಲ್ಲ? ಉದರಾಕತ್ತೇತಿ!”

ಕಾಕಾ ನಿಚ್ಚಣಿಕೆಯಿಂದ ಇಳಿದು ಬಂದರು. ಕೈಯಲ್ಲಿನ ಗಾರೆ ಹಚ್ಚುವ ಕರಣಿಯನ್ನು ಒರೆಸಿಕೊಂಡು ನೇರ ಕಾರಿನ ಹತ್ತಿರ ಹೋಗಿ ಬಾಗಿಲಿನ ಮೇಲೆ ಅದರ ತುದಿ ಇಟ್ಟರು. “ಇದನ್ನೂ ನೋಡೂನೇನ್ರಿ, ಉದರತೇತೇನು?”

ಅಂದಿನಿಂದ ಹೆಂಡತಿಯ ಅಣ್ಣ ನಮ್ಮ ಮನೆಗೆ ಬಂದರೆ ಎರಡೂ ಕೈ ಜೇಬಿನಲ್ಲಿರುತ್ತವೆ. ಊಟಕ್ಕೆ ಕೂತಾಗ ಮಾತ್ರ ಒಂದನ್ನು ತೆಗೆಯುತ್ತಾರೆ.

೫. ತಪಾಸಣೆ

ಪಕ್ಕದ ಮನೆಯವರು ನಿವೃತ್ತ ಇಂಜಿನಿಯರ್. ಅವರದು ಎರಡಂತಸ್ತಿನ ಕಾಂಕ್ರೀಟ್ ಮನೆ. ನಮ್ಮ ಕೆಲಸ ಶುರುವಾದ ದಿನವೇ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, “ಸರ್ರ, ನಮ್ಮ ಪುಸ್ತಕದಾಗ ಇದಕ್ಕ ಮನಿ ಅನ್ನಂಗಿಲ್ಲ” ಎಂದಿದ್ದರು.

ಏಪ್ರಿಲ್ ಕೊನೆಗೆ ನಡುಮನೆಯ ಗೋಡೆಗಳು ಮುಗಿದವು. ಒಂದು ಮಧ್ಯಾಹ್ನ ಎರಡು ಗಂಟೆಗೆ ಇಂಜಿನಿಯರ್ ಸಾಹೇಬರು ಟೇಪು ಹಿಡಿದು ಬಂದರು. “ಗ್ವಾಡಿ ಸೀದಾ ಐತೇನು ನೋಡಬೇಕು.” ನೋಡಲಿ ಎಂದು ಬಿಟ್ಟೆ. ಒಂದು ಗಂಟೆ ನೋಡಿದರು. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದರು. “ಬಿರಕು ಬಿಟ್ಟೇತೇನು ನೋಡಬೇಕು.” ಮೂರನೆಯ ದಿನ ಒಂದು ಲೋಡುದಿಂಬು ಹಿಡಿದು ಬಂದರು. “ಕೆಳಗಿನ ಭಾಗ ಮಲಗಿ ನೋಡಿದ್ರ ಛಲೋ ಕಾಣತೇತಿ.”

ಇದು ಮೇ ತಿಂಗಳು ಪೂರ್ತಿ ನಡೆಯಿತು. ಅವರ ಮನೆಯಲ್ಲಿ ಆ ಹೊತ್ತಿಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಮ್ಮಲ್ಲಿ ಫ್ಯಾನು ಇನ್ನೂ ಹಾಕಿರಲಿಲ್ಲ, ಬೇಕೂ ಆಗಿರಲಿಲ್ಲ. ನನಗೋ ನಿದ್ದೆಯೇ ಇಲ್ಲ. ಹಳೆಯ ಮಾಳಿಗೆಯನ್ನು ಇನ್ನೂ ಮುಟ್ಟಿರಲಿಲ್ಲ, ಕಾರ ಹುಣ್ಣಿಮೆ ಹತ್ತಿರ. ಹೊರಗೂ ಒಳಗೂ ತಿರುಗಾಡುತ್ತಿದ್ದೆ. ಒಂದು ದಿನ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದಳು.

“ಸದ್ದ ಮಾಡಬ್ಯಾಡ್ರಿ. ಸಾಹೇಬ್ರು ಭಾಳ ಆಳಕ್ಕ ಇಳದ ತಪಾಸ ಮಾಡಾಕತ್ತಾರ. ಗೊರಕಿ ಹೊಡಿಯಾಕತ್ತಾರ.”

೬. ಹನಿ

ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ, ಬೇವಿನ ಸೊಪ್ಪು, ಹಸಿಮಣ್ಣು, ಎಲ್ಲಕ್ಕಿಂತ ಮೇಲೆ ತುಬಚಿಯ ಸವಳು. ಬಡಿದು, ಇಳಿಜಾರು ಮಾಡಿ ಮುಗಿಸಿದಾಗ ಕಾರ ಹುಣ್ಣಿಮೆಗೆ ಎರಡೇ ದಿನ.

ಹುಣ್ಣಿಮೆಯ ದಿನ ಊರೆಲ್ಲ ಎತ್ತು ಓಡಿಸುವುದನ್ನು ನೋಡಲು ಹೋಗಿತ್ತು. ಕಾಕಾ ನಮ್ಮಲ್ಲಿ ಹೋಳಿಗೆ ಊಟ ಮುಗಿಸಿ, ನಡುಮನೆಯಲ್ಲಿ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಂಡಿದ್ದರು. ಇಳಿಹೊತ್ತಿನಲ್ಲಿ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಬಿಟ್ಟಿತು. ಆಮೇಲೆ ಮಳೆ, ಕೊಡ ಬೋರಲು ಹಾಕಿದಂತೆ.

ಹೆಂಡತಿ ಒಳಗೆ ಹೋಗಿ ಪಾತ್ರೆ ತಂದಳು. ಪರಾತ, ಬೋಗಾಣಿ, ಎರಡು ಚರಿಗೆ, ಕುಕ್ಕರಿನ ಮುಚ್ಚಳ. ಮೂರು ವರ್ಷ ಎಲ್ಲೆಲ್ಲಿ ಸೋರಿತ್ತೋ ಅಲ್ಲಲ್ಲೇ ಇಟ್ಟಳು. ಅಳತೆ ನೋಡುವ ಅಗತ್ಯವೇ ಇರಲಿಲ್ಲ. ಆಮೇಲೆ ಫೋನು ಹಿಡಿದು ಹೊಸ್ತಿಲ ಮೇಲೆ ಕೂತಳು.

ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಗಾದಿ.

“ಗ್ವಾಡಿ ನೋಡಿ ಹೋಗೂನಂತ ಬಂದೆ.”

“ಗಾದಿ ತಗೊಂಡ?” ಎಂದಳು ಹೆಂಡತಿ. “ನಿಮ್ಮ ಮನಿ ಸೋರಾಕತ್ತೇತೇನ್ರಿ ಸಾಹೇಬ್ರ?”

“ಛೇ ಛೇ. ಸ್ಲ್ಯಾಬ್ ಸೋರಂಗಿಲ್ಲ. ಫ್ಯಾನಿನ ಗುಂಟ ಒಂದೀಟ ನೀರ ಇಳದಾವ. ಅದಕ್ಕ ಸೋರೂದು ಅನ್ನಂಗಿಲ್ಲ. ಸೀಪೇಜ್ ಅಂತಾರ.”

ಅವರು ಒಣಗಿದ ಮೂಲೆ ನೋಡಿ ಗಾದಿ ಬಿಚ್ಚಿದರು. ಎಲ್ಲ ಮೂಲೆಗಳೂ ಒಣಗಿದ್ದವು.

ನಾನು ಮಾತ್ರ ನಿಲ್ಲಲಾರದೆ ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತಿದ್ದೆ. ಚರಿಗೆಯೊಳಗೆ ಬಗ್ಗಿ ನೋಡುವುದು, ಮೇಲೆ ಜಂತಿ ನೋಡುವುದು, ಬೋಗಾಣಿಗೆ ಬಗ್ಗುವುದು, ಮತ್ತೆ ಮೇಲೆ ನೋಡುವುದು. ಅರ್ಧ ಗಂಟೆಯಾಯಿತು. ಏನೂ ಇಲ್ಲ. ಪರಾತದ ಮೇಲೆ ಬಗ್ಗಿದೆ.

ಟಣ್.

ಪರಾತದ ನಡುವೆ ಒಂದು ಹನಿ.

ಮಳೆಯ ಸದ್ದೂ ನಿಂತಂತಾಯಿತು. ಹೆಂಡತಿ ಎದ್ದು ಬಂದು ಬಗ್ಗಿ ನೋಡಿದಳು. ಅವಳ ಹೆಬ್ಬೆರಳು ಫೋನಿನ ಮೇಲೆ, ‘ಸ್ಲ್ಯಾಬ್ ಅಣ್ಣ’ನ ಹೆಸರಿನ ಮೇಲೆ ನಿಂತಿತ್ತು. ಬಗ್ಗಿದ ನಾನು ಬಗ್ಗಿಯೇ ಇದ್ದೆ. ನಾಲ್ಕು ತಿಂಗಳ ಕೆಲಸ, ಗೌಡರ ಮೂರು ಟ್ರಾಲಿ, ಗಾಣದ ಕರಿ ಬೆಲ್ಲ, ಎಲ್ಲ ಆ ಒಂದು ಹನಿಯಲ್ಲಿ ಕಾಣುತ್ತಿತ್ತು.

“ತಡೀರಿ ಅಕ್ಕಾರ,” ಎಂದರು ಕಾಕಾ. ಎಲೆ ಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು. ಹನಿಗೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟರು.

“ಉಪ್ಪ ಐತಿ.”

“ಮತ್ತ! ಸವಳ ಮಣ್ಣಾಗಿಂದ ಇಳದ ನೀರು ಉಪ್ಪ ಇರಲಾರದ ಸಕ್ರಿ ಇರತೇತೇನು?” ಹೆಂಡತಿಯ ಹೆಬ್ಬೆರಳು ಇಳಿಯತೊಡಗಿತು.

ಕಾಕಾ ಮಾಳಿಗೆಯ ಕಡೆ ನೋಡಿದರು. ಜಂತಿ ಒಣಗಿ ಬೆಳ್ಳಗಿತ್ತು. ಆಮೇಲೆ ನನ್ನ ಕಡೆ ನೋಡಿದರು. ತೋರುಬೆರಳು ಚಾಚಿ ನನ್ನ ಮೂಗಿನ ತುದಿ ಮುಟ್ಟಿ, ಅದನ್ನು ನಾಲಿಗೆಗೆ ಹಚ್ಚಿ, ತುಬಚಿಯ ಮಣ್ಣಿಗೆ ಮುಚ್ಚಿದ ಹಾಗೆಯೇ ಕಣ್ಣು ಮುಚ್ಚಿದರು.

“ತುಬಚಿ ಉಪ್ಪ ನಾ ಬಲ್ಲೆ. ಇದು ಮಾಳಗಿದಲ್ಲ, ಅಕ್ಕಾರ. ಇದು ಸರ್ರ ಬೆವರು.”

ಹೆಂಡತಿ ಫೋನು ಕೆಳಗಿಟ್ಟಳು. ಗೂಟದ ಮೇಲಿನ ಟವೆಲು ತೆಗೆದು ನನ್ನ ಮುಖದ ಮೇಲೆ ಒಗೆದಳು.

“ಮಾರಿ ಒರಸ್ಕೊಂಡ ಒಂದ ಕಡೆ ಕುಂದರ್ರಿ. ಮಾಳಗಿ ಸೋರವಲ್ದು. ನೀವ ಸೋರಾಕತ್ತೀರಿ.”

ಮೂಲೆಯ ಗಾದಿಯಿಂದ, ಕಣ್ಣು ತೆರೆಯದೆಯೇ, ಇಂಜಿನಿಯರ್ ಸಾಹೇಬರು ತಿದ್ದಿದರು.

“ಅದಕ್ಕ ಸೋರೂದು ಅನ್ನಂಗಿಲ್ರಿ. ಸೀಪೇಜ್.”