ಎರಡಿಂಚು ಹೆಚ್ಚಿಗೆ ಬಿಟ್ಟ ಬಿಲ್ಲು

ಬೆಳೆಯುವ ಮಕ್ಕಳಿಗೆ ಮೈಗೆ ಸರಿಯಾಗಿ ಬಟ್ಟೆ ಹೊಲಿಯುವವನು ಟೈಲರೇ ಅಲ್ಲ. ಇದು ನ್ಯಾಮತಿಯ ಬಸ್‌ಸ್ಟ್ಯಾಂಡ್ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಮಷಿನ್ ತುಳಿಯುತ್ತಿರುವ ನನ್ನ ಘನ ಸಿದ್ಧಾಂತ. ಈ ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಮುಂದಿನ ಜೂನ್‌ಗೂ ಬರಬೇಕು. ಅದಕ್ಕೇ ತೋಳಿಗೆ ಎರಡಿಂಚು, ಉದ್ದಕ್ಕೆ ಮೂರಿಂಚು ಹೆಚ್ಚಿಗೆ ಬಿಡುತ್ತೇನೆ. ತಾಯಂದಿರು ಮೆಚ್ಚುತ್ತಾರೆ. ಮಕ್ಕಳ ಅಭಿಪ್ರಾಯವನ್ನು ನಾನು ಕೇಳಿಲ್ಲ!

ನನ್ನ ಮಗಳು ಸಹನಾ ಏಳನೇ ಕ್ಲಾಸು. ಒಂದು ವರ್ಷದಿಂದ ಶಾಲೆಯಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ಆಟದ ಮೇಷ್ಟ್ರು ಹಬೀಬ್ ಸರ್ ಒಂದೇ ಬಿಲ್ಲಿನಲ್ಲಿ ಆರು ಮಕ್ಕಳಿಗೆ ಕಲಿಸುತ್ತಿದ್ದರು. ಅದು ಬಿರುಕು ಬಿಟ್ಟಿತು. ಬರುವ ಭಾನುವಾರವೇ ಹೊನ್ನಾಳಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಸ್ವಂತ ಬಿಲ್ಲು ತಂದವರಿಗೆ ಮಾತ್ರ ಅವಕಾಶ. ಸಹನಾ ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ನನ್ನ ಟೈಲರ್ ಚಾಕ್‌ನಿಂದಲೇ ಸುತ್ತು ಹಾಕಿದ್ದಳು.

ಹಬೀಬ್ ಸರ್ ಅಂಗಡಿಗೇ ಬಂದು ಚೀಟಿ ಬರೆದುಕೊಟ್ಟರು.

"ಕಲಿಯೋರಿಗೆ ಮರದ ಬಿಲ್ಲು ಸಾಕು ರುದ್ರಣ್ಣ, ದುಬಾರಿದು ಬ್ಯಾಡ. ಹದಿನಾರು ಪೌಂಡಿಂದು ತಗೊಳ್ರಿ."

"ಪೌಂಡು ಅಂದ್ರೆ ಏನ್ ಸಾರ್?"

"ದಾರ ಪೂರ್ತಿ ಎಳೆಯಾಕೆ ಎಷ್ಟು ಬಲ ಬೇಕು ಅನ್ನೋ ಲೆಕ್ಕ. ಹುಡುಗಿ ಕೈಗೆ ಹದಿನಾರು ಸರಿ ಐತೆ. ಮೇಲೆ ಹೋಗ್ಬ್ಯಾಡ್ರಿ."

ಗುರುವಾರ ಬೆಳಿಗ್ಗೆ ಬಿಲ್ಲು ತರಲು ದಾವಣಗೆರೆಗೆ ಹೊರಟಾಗ ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು, "ಚೀಟಿಯಾಗೆ ಏನು ಬರ್ದೈತೋ ಅದನ್ನೇ ತರ್ರಿ. ನಿಮ್ಮ ತಲೆ ಓಡಿಸ್ಬ್ಯಾಡ್ರಿ" ಎಂದಳು. ಇಪ್ಪತ್ತೆರಡು ವರ್ಷಗಳ ಅನುಭವಕ್ಕೆ ಮನೆಯಲ್ಲಿರುವ ಬೆಲೆ ಇಷ್ಟೇ!

ದಾವಣಗೆರೆಯ ಅಂಗಡಿಯವನು ಎರಡು ಬಿಲ್ಲು ತೋರಿಸಿದ. ಬಣ್ಣ ಒಂದೇ, ಉದ್ದ ಒಂದೇ. ಒಂದು ಹದಿನಾರು ಪೌಂಡು, ಇನ್ನೊಂದು ಮೂವತ್ತೆರಡು. ಬೆಲೆಯೂ ಒಂದೇ! ನನ್ನ ಒಳಗಿದ್ದ ಟೈಲರ್ ಎದ್ದು ಕೂತ. ಮಗಳು ಬೆಳೆಯುವವಳು. ಹದಿನಾರು ತೆಗೆದುಕೊಂಡರೆ ಮುಂದಿನ ವರ್ಷ ಬಿಗಿಯಾಗುತ್ತದೆ. ಮೂವತ್ತೆರಡು ತೆಗೆದುಕೊಂಡರೆ ಕಾಲೇಜಿನವರೆಗೂ ಬರುತ್ತದೆ.

"ಯಾರಿಗೆ ರೀ ಇದು?" ಎಂದ ಅಂಗಡಿಯವನು.

"ಬೆಳೆಯೋ ಮಕ್ಳಿಗೆ" ಎಂದೆ, ಗಂಭೀರವಾಗಿ.

ಸಂಜೆ ಅಂಗಡಿಯ ಮುಂದೆ ಬಿಲ್ಲಿನ ಅನಾವರಣ. ಸಹನಾ ಕಾಲು ಊರಿ ನಿಂತು ಎಳೆದಳು. ದಾರ ಒಂದು ಗೇಣು ಬಂದು ನಿಂತಿತು. ಮತ್ತೆ ಎಳೆದಳು. ತೋಳು ನಡುಗಿತು, ಮುಖ ಕೆಂಪಾಯಿತು. ದಾರ ಅದೇ ಗೇಣು!

"ಹೊಸದು, ಸ್ವಲ್ಪ ಬಿಗಿ ಇರ್ತೈತೆ. ಬಳಸಿದ್ರೆ ಸಡಿಲ ಆಗ್ತೈತೆ" ಎಂದು ಬಿಲ್ಲು ಕಿತ್ತುಕೊಂಡು ನಾನೇ ಎಳೆದೆ. ಬೀದಿಯವರು ನೋಡುತ್ತಿದ್ದರು. ದಾರ ಎದೆಯವರೆಗೆ ಬಂತು. ಅಷ್ಟರಲ್ಲಿ ಬೆನ್ನಿನಲ್ಲಿ ಏನೋ ಚಳಕ್ ಎಂದಿತು. ಈಗ ಎಳೆಯಲೂ ಆಗದು, ಬಿಡಲೂ ಆಗದು! ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ಬೇರೆ ದಾರಕ್ಕೆ ಸಿಕ್ಕಿಕೊಂಡಿತು. ಪಕ್ಕದ ಬೇಕರಿಯ ಬಷೀರಣ್ಣ ಓಡಿ ಬಂದು, ನನ್ನ ಕೈ ಹಿಡಿದು, ದಾರವನ್ನು ಮೆಲ್ಲಗೆ ವಾಪಸ್ ಕಳಿಸಿದ. "ರುದ್ರಣ್ಣ, ನೀವು ಪ್ಯಾಂಟಿನ ಜಿಪ್ ಎಳೀರಿ, ಸಾಕು" ಎಂದ.

ಎಲ್ಲರೂ ನಕ್ಕರು. ಸಹನಾ ಮಾತ್ರ ನಗಲಿಲ್ಲ. "ನಿಂದೇನ್ ತಪ್ಪಿಲ್ಲಪ್ಪಾ. ನಂಗೇ ಶಕ್ತಿ ಸಾಲ್ದು. ಭಾನುವಾರದೊಳಗೆ ಹೆಂಗಾದ್ರೂ ಎಳೀತೀನಿ" ಎಂದು ಕೆಂಪಾದ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು. ಬೆನ್ನುನೋವು ಮರೆತೇಹೋಯಿತು. ಅದಕ್ಕಿಂತ ದೊಡ್ಡ ನೋವು ಶುರುವಾಗಿತ್ತು.

ಶುಕ್ರವಾರ ಹಬೀಬ್ ಸರ್ ಬಿಲ್ಲು ನೋಡಿ ಹಣೆ ಚಚ್ಚಿಕೊಂಡರು. "ಬೆಳೆದ ಮೇಲೆ ಇಡೀ ಬಿಲ್ಲು ಬದಲಾಯ್ಸಾಕೆ ಹೋಗಂಗಿಲ್ಲ ರೀ! ನಡುವಿನ ಹಿಡಿಕೆ ಅದೇ ಇರ್ತೈತೆ. ಮ್ಯಾಲಿಂದು ಕೆಳಗಿಂದು ಎರಡು ಪಟ್ಟಿ ಬಿಚ್ಚಿ ಬೇರೆ ಹಾಕಿದ್ರೆ ಮುಗೀತು."

ಅಂದರೆ ನಾನು ಬೆಳವಣಿಗೆಗೆ ಜಾಗ ಬಿಡುವ ಮೊದಲೇ ಬಿಲ್ಲು ಮಾಡಿದವನು ಬಿಟ್ಟಿದ್ದ! ಬೆನ್ನಿಗೆ ಮುಲಾಮು ಹಚ್ಚಿಕೊಂಡು ಮತ್ತೆ ದಾವಣಗೆರೆ ಬಸ್ಸು ಹತ್ತಿದೆ. ಅಂಗಡಿಯವನು ಪಟ್ಟಿ ಬದಲಾಯಿಸಿಕೊಡುತ್ತ, "ಮಕ್ಳು ಇನ್ನೂ ಬೆಳೀಲಿಲ್ವಾ ಯಜಮಾನ್ರೇ?" ಎಂದ. ನಾನು ಛಾವಣಿಯ ಫ್ಯಾನು ನೋಡಿದೆ.

ಶನಿವಾರ ಇಡೀ ದಿನ ಸಹನಾ ಹದಿನಾರು ಪೌಂಡಿನಲ್ಲಿ ಅಭ್ಯಾಸ ಮಾಡಿದಳು. ಬಾಣಗಳು ಹೇಳಿದಲ್ಲಿಗೆ ಹೋದವು. ಖುಷಿಗೆ ನಾನು ಅವಳಿಗೊಂದು ಹೊಸ ಬಿಳಿ ಶರ್ಟು ಹೊಲಿದೆ.

ಭಾನುವಾರ ಹೊನ್ನಾಳಿಯ ಮೈದಾನ. ಒಬ್ಬೊಬ್ಬರಿಗೆ ಆರು ಬಾಣ. ಸಹನಾ ಮೊದಲನೆಯದನ್ನು ಬಿಟ್ಟಳು. ಅದು ಹತ್ತು ಹೆಜ್ಜೆ ಮುಂದೆ ಹುಲ್ಲಿನಲ್ಲಿ ಬಿತ್ತು. ಎರಡನೆಯದೂ ಹುಲ್ಲಿಗೇ! ಅವಳ ಕಣ್ಣು ತುಂಬಿತು. ಹಬೀಬ್ ಸರ್ ಓಡಿ ಹೋಗಿ ಅವಳ ಎಡಗೈ ಎತ್ತಿ ನೋಡಿದರು. ಬಿಟ್ಟ ದಾರ ಪ್ರತಿ ಸಲ ಹೊಸ ಶರ್ಟಿನ ಜೋಲುತೋಳಿಗೆ ಬಡಿಯುತ್ತಿತ್ತು.

"ಯಾವ ಟೈಲರ್ ರೀ ಇದನ್ನ ಹೊಲಿದಿದ್ದು?" ಎಂದು ಅವರು ಗುಡುಗಿದರು. "ಈ ತೋಳಿನಾಗೆ ಇನ್ನೊಬ್ಬ ಹುಡುಗಿ ಕೂರ್ಬೋದು!"

ಸಹನಾ ನನ್ನ ಕಡೆ ನೋಡಿದಳು. ಹೆಸರು ಮಾತ್ರ ಹೇಳಲಿಲ್ಲ. ಗಿರಿಜಾ ನನ್ನ ಕೊರಳಿನಿಂದ ಅಳತೆ ಟೇಪು ಎಳೆದುಕೊಂಡು ಹೋಗಿ, ಮಗಳ ತೋಳಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಉಳಿದ ನಾಲ್ಕು ಬಾಣಗಳೂ ಗುರಿಹಲಗೆಗೆ ನಾಟಿದವು. ಕೊನೆಯದು ಹಳದಿ ನಡುವಿಗೆ! ಸಂಜೆ ಓದಿದ ಆಯ್ಕೆಯಾದವರ ಪಟ್ಟಿಯಲ್ಲಿ ಸಹನಾಳದು ಕಟ್ಟಕಡೆಯ ಹೆಸರು. ನಾನು ಎಲ್ಲರೆದುರು ಅತ್ತೆ. ನಾಚಿಕೆಯಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳೇ ಹೇಳಿದಳು: "ಅಪ್ಪಾ, ಟೀಮಿಗೆ ಹೊಸ ಶರ್ಟು ಬೇಕು. ಏನೂ ಹೆಚ್ಚಿಗೆ ಬಿಡಬ್ಯಾಡ. ಈಗ ಹೆಂಗಿದೀನೋ ಅಷ್ಟೇ."

ಮರುದಿನ ಅಳತೆ ಸರಿಯಾಗಿಯೇ ತೆಗೆದೆ. ಗುರುತನ್ನೂ ಸರಿಯಾಗಿಯೇ ಹಾಕಿದೆ. ಕತ್ತರಿಸುವಾಗ ಮಾತ್ರ ಕೈ ತಾನಾಗಿಯೇ ಎರಡಿಂಚು ಆಚೆ ಹೋಯಿತು! ಗಿರಿಜಾ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷಗಳ ಅನುಭವಿಯಾದ ನನಗೆ ತಾಯಿ-ಮಗಳು ಆ ಶರ್ಟಿನಲ್ಲಿ ಗುಂಡಿ ಹಚ್ಚುವ ಕೆಲಸ ಕೊಟ್ಟಿದ್ದಾರೆ.