ರಾತ್ರಿ ಓಡಿಸದ ಕೆಂಪು ಕಾರನ್ನು ಭಾನುವಾರ ನಾನೇ ಓಡಿಸುವ ಬಗ್ಗೆ

ಇಂದ,
ಭವ್ಯಶ್ರೀ,
ನೀಲಾಂಬಿಕೆ ಕ್ಯಾಂಟೀನಿನ ಒಲೆಯ ಹಿಂಭಾಗ,
ಶ್ರವಣಬೆಳಗೊಳ ರಸ್ತೆಯ ತಿರುವು,
ಚನ್ನರಾಯಪಟ್ಟಣ ತಾಲ್ಲೂಕು.

ಗೆ,
ಶ್ರೀ ಶಶಿಕಿರಣ್ (ನನ್ನ ಅಣ್ಣ),
ಅಧ್ಯಕ್ಷರು, ರೇಸ್ ಕಾರು ಆಯ್ಕೆ ಸಮಿತಿ,
ಅದೇ ಕ್ಯಾಂಟೀನಿನ ಹೊರಗಿನ ಬೆಂಚು.

ವಿಷಯ: ಆದಿರಾಜಯ್ಯನವರ ಹಳೆಯ ಕೆಂಪು ಕಾರು ಟ್ರ್ಯಾಕಿಗೆ ಯೋಗ್ಯವೆಂಬುದನ್ನು ದಾಖಲಿಸುವ ಬಗ್ಗೆ, ಹಾಗೂ ಭಾನುವಾರದ ಮಣ್ಣಿನ ರೇಸಿನಲ್ಲಿ ಅದನ್ನು ಓಡಿಸಲು ನನಗೆ ಅನುಮತಿ ಕೋರಿ.

ಉಲ್ಲೇಖ: ೧. "ಇದು ಮುದುಕ್ರ ಕಾರು" ಎಂಬ ಸಮಿತಿಯ ಮೌಖಿಕ ಆದೇಶ (ಬೋಂಡಾ ತಿನ್ನುವ ವೇಳೆ).
೨. "ಬಾಯಿ ಬುಡಾಕಿಲ್ಲ ಅಂದ್ರೆ ಬರ್ದಾದ್ರೂ ಕೊಡೆ" ಎಂಬ ತಮ್ಮ ನಿನ್ನೆಯ ಸೂಚನೆ (ಕೈ ತೊಳೆಯುವ ವೇಳೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ನಾನು ಎದುರಿಗೆ ನಿಂತು ಮಾತು ತೆಗೆದರೆ ತಾವು "ಎಲ್ಡ್ ಟೀ ತತ್ತಾ" ಎನ್ನುತ್ತೀರಿ, ನಾನು ತರಲು ಹೋಗುತ್ತೇನೆ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಬರೆದಿದ್ದೇನೆ. ನಾನು ಶಾಲೆ ಬಿಟ್ಟದ್ದು ಒಂಬತ್ತನೇ ತರಗತಿಯಲ್ಲಿ. ಅರ್ಜಿ ಬರೆಯುವ ಪಾಠ ಎಂಟನೆಯದರಲ್ಲೇ ಮುಗಿದಿತ್ತಾದ ಕಾರಣ ನನಗೆ ಅರ್ಹತೆ ಇದೆ. ಆ ಮಾದರಿಯಲ್ಲಿದ್ದ "ತೀವ್ರ ಜ್ವರದಿಂದ ಬಳಲುತ್ತಿರುವುದರಿಂದ" ಎಂಬ ಸಾಲನ್ನು ಮಾತ್ರ, ಸದ್ಯ ಜ್ವರವಿಲ್ಲದ ಕಾರಣ, ಕೈಬಿಡಲಾಗಿದೆ.

೧. ಸಮಿತಿಯಲ್ಲಿ ಅಧ್ಯಕ್ಷರಾದ ತಾವು, ತಾಂತ್ರಿಕ ಸದಸ್ಯರಾದ ಪಂಕ್ಚರ್ ಅಂಗಡಿಯ ಚಲುವಯ್ಯ, ಇಬ್ಬರೇ ಇದ್ದೀರಿ. ಕಡಿಮೆ ಬೆಲೆಯ, ಹಗುರವಾದ, ಹಿಂದೆ ಡಿಕ್ಕಿ ಚಾಚಿಕೊಂಡಿರದ ಹಳೆಯ ಸಣ್ಣ ಕಾರೊಂದನ್ನು ಯುಗಾದಿಯಿಂದ ಹುಡುಕುತ್ತಿದ್ದೀರಿ. ಹೊಳೆನರಸೀಪುರದ ಕಾರಿಗೆ ದಾಖಲೆ ಇತ್ತು, ನೆಲವಿರಲಿಲ್ಲ. ಹಾಸನದ ಕಾರಿಗೆ ನೆಲವಿತ್ತು, ದಾಖಲೆ ಇರಲಿಲ್ಲ. ಕಟ್ಟಾಯದ ಕಾರಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮರಿಯಾದ ಮೇಲೆ ಬನ್ನಿ ಎಂದು ಮಾಲೀಕರು ತಿಳಿಸಿದರು.

೨. ಹೀಗಿರುವಾಗ, ಪಟ್ಟಣದಲ್ಲಿ ಪಾತ್ರೆ ಅಂಗಡಿಯೂ ಬೆಳಗೊಳದಲ್ಲಿ ಮನೆಯೂ ಇರುವ ಆದಿರಾಜಯ್ಯನವರ ಕೆಂಪು ಕಾರು ಮಾರಾಟಕ್ಕೆ ಬಂತು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಇಷ್ಟು ವರ್ಷ ಸಂಜೆ ಅಂಗಡಿ ಬಿಟ್ಟು ಊಟಕ್ಕೆ ಮನೆಗೆ ಓಡುತ್ತಿದ್ದರು. ಈಗ ಮಗ ಜಿತೇಂದ್ರ ಊಟದ ಕ್ಯಾರಿಯರನ್ನು ಬಸ್ಸಿನಲ್ಲಿ ಅಂಗಡಿಗೇ ಕಳಿಸುವ ಏರ್ಪಾಡು ಮಾಡಿರುವುದರಿಂದ ಅವರು ಉಂಡು, ನಿಧಾನವಾಗಿ ರಾತ್ರಿ ಬಸ್ಸಿಗೆ ಹೋಗುತ್ತಾರೆ. ಕಾರಿಗೆ ಕೆಲಸವಿಲ್ಲ. ಅದನ್ನು ಅಂಗಡಿ ಮುಂದೆ ನಿಲ್ಲಿಸಿ ಗಾಜಿನ ಮೇಲೆ ಚೀಟಿ ಅಂಟಿಸಿದರು: "ಒಬ್ಬರೇ ಮಾಲೀಕರು. ರಾತ್ರಿ ಓಡಿಸಿಲ್ಲ."

ಈ ಚೀಟಿ ಓದಿ ಸಮಿತಿಯು ನಕ್ಕಿತು. ಚಲುವಯ್ಯನ ತಾಂತ್ರಿಕ ಅಭಿಪ್ರಾಯ ಹೀಗಿತ್ತು: "ಬುಡ್ಲಾ ಶಶಿ. ಕತ್ಲನ್ನೇ ನೋಡ್ದೆ ಇರೋ ಕಾರು. ರೇಸ್ಗೆ ಬುಟ್ರೆ ಎದ್ರಕಂಡು ಮೂಲೇಲಿ ನಿಂತ್ಕತದೆ."

ತಾವು ಹೇಳಿದ್ದು: "ಅಜ್ಜ ದೇವಸ್ಥಾನಕ್ಕೆ ಓದಂಗೆ ಓಡ್ಸವ್ರೆ ಕಣ್ಲಾ. ಎಂಜಿನ್ನು ಮಲಗ್ಬುಟ್ಟಿರ್ತದೆ."

೩. ಈ ಆದೇಶದಲ್ಲಿ ದೋಷವಿದೆ. ಸಮಿತಿಯು ರಸ್ತೆಗೆ ಬೆನ್ನು ಹಾಕಿ ಕೂರುತ್ತದೆ, ಕಾರಣ ರಸ್ತೆಗೆ ತಿರುಗಿದರೆ ಫೋನಿನ ಪರದೆಗೆ ಬಿಸಿಲು ಬೀಳುತ್ತದೆ. ನಾನು ರಸ್ತೆಗೆ ಮುಖ ಮಾಡಿ ಬೋಂಡಾ ಕರಿಯುತ್ತೇನೆ. ಆದ್ದರಿಂದ ನಾನು ಕಂಡದ್ದು ಬೇರೆ. ಪಾತ್ರೆ ಅಂಗಡಿಗೆ ಮದುವೆಯವರು ಬರುವುದೇ ಸಂಜೆ. ಒಂದು ಕೊಳದಪ್ಪಲೆಯನ್ನು ಹತ್ತು ಸಲ ತಟ್ಟಿ ನೋಡಿ, ನಾಳೆ ಬರುತ್ತೇವೆ ಎಂದು ಹೋಗುತ್ತಾರೆ. ಅಷ್ಟು ಹೊತ್ತಿಗೆ ಸೂರ್ಯ ತೆಂಗಿನ ಮರದ ಎತ್ತರಕ್ಕೆ ಇಳಿದಿರುತ್ತಾನೆ. ಆಮೇಲೆ ಆದಿರಾಜಯ್ಯನವರು ಹೊರಡುತ್ತಾರೆ. ನಮ್ಮ ತಿರುವಿನಲ್ಲಿ ಆ ಕಾರು ಬರುವುದು ಕಾಣುವುದಿಲ್ಲ, ಹೋದದ್ದು ಮಾತ್ರ ಕಾಣುತ್ತದೆ. ಎಷ್ಟೋ ಸಲ ಬಾಣಲೆಗೆ ಬಿಟ್ಟ ಬೋಂಡಾ ಎಣ್ಣೆಯಲ್ಲಿ ತಿರುಗುವುದರೊಳಗೆ ಕಾರು ಆಚೆ ಊರಿನಲ್ಲಿರುತ್ತಿತ್ತು. ಮೋಡದ ದಿನ ಇನ್ನೂ ಜೋರು, ಕಾರಣ ಸೂರ್ಯ ಎಲ್ಲಿದ್ದಾನೆಂದು ಗೊತ್ತಾಗದೆ ಅವರು ಹೊತ್ತಿನ ವಿಷಯದಲ್ಲಿ ಯಾವ ಅಪಾಯಕ್ಕೂ ಕೈಹಾಕುತ್ತಿರಲಿಲ್ಲ.

ಇದಲ್ಲದೆ ಅವರು ಜೀವಹಿಂಸೆ ಮಾಡುವವರೂ ಅಲ್ಲ. ಅಷ್ಟು ವೇಗದಲ್ಲಿ ಕಪ್ಪೆ ಬಂದರೆ ಕಪ್ಪೆಗೆ, ಅಳಿಲು ಬಂದರೆ ಅಳಿಲಿಗೆ ದಾರಿ ಬಿಟ್ಟು, ಕಾರನ್ನು ಹಾವಿನಂತೆ ತಿರುಗಿಸಿಕೊಂಡು ಹೋಗುತ್ತಿದ್ದರು. ನಮ್ಮ ಬಿಳಿ ಹುಂಜ ಇಂದಿಗೂ ಬದುಕಿರುವುದೇ ಇದಕ್ಕೆ ಸಾಕ್ಷಿ. ಒಂದು ವ್ರತದಿಂದ ಕಾರಿಗೆ ವೇಗ ಬಂದಿದೆ, ಇನ್ನೊಂದರಿಂದ ತಿರುವು ಬಂದಿದೆ. ಟ್ರ್ಯಾಕ್ ಕಾರಿಗೆ ಇನ್ನೇನು ಬೇಕೆಂದು ಸಮಿತಿಯೇ ತಿಳಿಸಬೇಕು.

೪. ಕಾರಿನ ದೋಷಗಳನ್ನೂ ಮುಚ್ಚಿಡುವುದಿಲ್ಲ. ಹಿಂದಿನ ಎಡಬಾಗಿಲು ತೆಗೆಯಲು ಬರುವುದಿಲ್ಲ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಹಾರನ್ ತಾನಾಗಿಯೇ ಹೊಡೆಯುತ್ತದೆ. ರೇಸಿನಲ್ಲಿ ಇದರಿಂದ ಅನುಕೂಲವೇ ಆಗಬಹುದು.

೫. ಕಳೆದ ಶುಕ್ರವಾರ ನಡೆದದ್ದನ್ನು ತಾವು ಬೆಂಚಿನಲ್ಲಿ ಬೇರೆ ರೀತಿ ಹೇಳುತ್ತಿರುವುದು ನನ್ನ ಕಿವಿಗೆ ಬಿದ್ದಿರುವುದರಿಂದ, ನಡೆದ ಹಾಗೆ ಬರೆಯುತ್ತಿದ್ದೇನೆ. ಅಂದು ಬಸ್ಸಿನವರು ಕ್ಯಾರಿಯರನ್ನು ಪಟ್ಟಣದಲ್ಲಿ ಇಳಿಸಲು ಮರೆತರು. ಅದು ಹೊಳೆನರಸೀಪುರ ದಾಟಿ ಅರಕಲಗೂಡಿಗೆ ಹೋಯಿತು. ಆದಿರಾಜಯ್ಯನವರು ಮತ್ತೆ ಕಾರು ತೆಗೆದರು. ನಮ್ಮ ಕ್ಯಾಂಟೀನಿನ ಮುಂದೆ ಬರುವಾಗ ಮಂಡಿ ಹಿಡಿದುಕೊಂಡು ನಿಂತೇಬಿಟ್ಟರು.

"ಕ್ಲಚ್ ತುಳಿಯೋಕಾಗ್ತಿಲ್ಲಪ್ಪ. ಯಾರಾದ್ರೂ ಮನೆ ಮುಟ್ಟಿಸ್ತೀರಾ?"

ತಾವು ಕೂಡಲೇ ಚಾಲಕರ ಸೀಟಿನಲ್ಲಿ ಕೂತಿರಿ. ಕಾರು ಆಫಾಯಿತು. ಇನ್ನೊಮ್ಮೆಯೂ ಆಫಾಯಿತು. ಆ ಕಾರಿನ ಕ್ಲಚ್ಚನ್ನು ಮಗು ಮಲಗಿಸುವಂತೆ ಬಿಡಬೇಕು. ತಾವು ಚೀಲ ಎಸೆದಂತೆ ಬಿಟ್ಟಿರಿ.

"ಏನಪ್ಪಾ," ಎಂದರು ಆದಿರಾಜಯ್ಯನವರು, "ನಿನಗೆ ಊಟ ಆಗಿರಬಹುದು. ನನಗಾಗಿಲ್ಲ."

ಆಗ ಅಮ್ಮ ಒಳಗಿನಿಂದ ಕೂಗಿದ್ದು ಸಮಿತಿಗೂ ಕೇಳಿಸಿದೆ: "ಲೇ ಭವ್ಯಾ, ದಿನಾ ಹಾಲಿನ ಗಾಡಿ ಓಡ್ಸಲ್ವಾ? ಓಗೆ! ಯಜಮಾನ್ರು ಉಪ್ವಾಸ ಮಲಿಕಂಡಾರು!"

ನಾನು ಸೆರಗಿಗೆ ಕೈ ಒರೆಸಿಕೊಂಡು ಹತ್ತಿದೆ. ತಾವು ತಮ್ಮಿಷ್ಟದಂತೆ ಹಿಂದೆ ಕೂತಿರಿ. ದಾರಿಯಲ್ಲಿ ಆದಿರಾಜಯ್ಯನವರೂ ತಾವೂ ಆಡಿದ ಮಾತುಗಳ ವಿವರ:

"ಇಲ್ಲಿ ಬ್ರೇಕ್ ಬೇಡಮ್ಮ."

"ತಾತ, ತಿರುವು ಕಣ್ ತಾತ!"

"ಗೊತ್ತಪ್ಪ. ನಾನು ಹುಟ್ಟಿದಾಗಿಂದ ಅಲ್ಲೇ ಇದೆ. ಮುಂದೆ ಇರುವೆ ಸಾಲು ಬರುತ್ತಮ್ಮ, ಎಡಕ್ಕೆ ತಗೊ. ಹಾಂ. ಈಗ ಬಲಕ್ಕೆ."

"ಇರ್ವೇನಾ? ಈ ಸ್ಪೀಡ್ನಾಗೆ ಇರ್ವೆ ಎಲ್ ಕಾಣ್ತವೆ?"

"ಕಾಣಬೇಕಿಲ್ಲ. ದಿನಾ ಈ ಹೊತ್ತಿಗೆ ದಾಟ್ತವೆ. ಅವಕ್ಕೂ ಮನೆ ಇಲ್ವಾ?"

"ಲೇ ಭವ್ಯಾ, ನಿಧಾನ್ಕೋಗೆ! ಅಮ್ಮಂಗೇಳ್ತೀನಿ!"

ಆಗ ನಾನು, "ಅಣ್ಣ, ಬಾಯ್ ಮುಚ್ಕಂಡು ಕೂತ್ಕೋ, ಸೂರ್ಯ ಓಯ್ತಾವ್ನೆ" ಎಂದೆ. ನಾನು ಇದುವರೆಗೆ ತಮಗೆ ಹೇಳಿದ ಅತಿ ಉದ್ದದ ಮಾತು ಇದೇ ಆಗಿರುತ್ತದೆ.

ಮೊದಲೇ ಫೋನು ಹೋಗಿದ್ದರಿಂದ ಬೆಳಗೊಳದ ಮನೆಯಲ್ಲಿ ಎಲೆ ಹಾಕಿಯೇ ಇತ್ತು. ಆದಿರಾಜಯ್ಯನವರು ಕಾಲು ತೊಳೆದು ಕೂತು, ಉಂಡು, ಕೈ ತೊಳೆದು ಎದ್ದ ಮೇಲೆ ಹೊತ್ತು ಮುಳುಗಿತು. ಆ ವೇಳೆಯಲ್ಲೆಲ್ಲ ತಾವು ಜಗಲಿಯ ಕಂಬವನ್ನು ಅಪ್ಪಿಕೊಂಡಿದ್ದಿರಿ. ಅದನ್ನು ಕಂಬದ ಕೆತ್ತನೆ ನೋಡುವುದೆಂದು ತಾವು ಚಲುವಯ್ಯನಿಗೆ ಹೇಳಿದ್ದೀರಿ. ಕಂಬ ನುಣ್ಣಗಿತ್ತು.

೬. ಅಲ್ಲಿಯೇ ಅವರು ಕಾರು ಕೊಡಲು ಒಪ್ಪಿದರು. ಒಂದು ಷರತ್ತು ಹಾಕಿದರು: "ಭಾನುವಾರ ನಾನೂ ನೋಡೋಕೆ ಬರ್ತೀನಿ. ಮುಗಿದ ತಕ್ಷಣ ಇದೇ ಕಾರಲ್ಲಿ ಈ ಮಗು ನನ್ನನ್ನ ಮನೆ ಸೇರಿಸಬೇಕು. ನಿನ್ನ ಹತ್ರ ಕೂರಲ್ಲಪ್ಪ, ಬೇಜಾರು ಮಾಡ್ಕೋಬೇಡ."

೭. ಇದಾದ ಮೇಲೆ ಸಮಿತಿಯು ನಿನ್ನೆ ಸಭೆ ಸೇರಿ, ಕಾರು ಯೋಗ್ಯವೆಂದೂ, ಅದನ್ನು ಅಧ್ಯಕ್ಷರೇ ಓಡಿಸತಕ್ಕದ್ದೆಂದೂ ತೀರ್ಮಾನಿಸಿದೆ. ಮೊದಲ ಭಾಗಕ್ಕೆ ನನ್ನ ಒಪ್ಪಿಗೆ ಇದೆ. ಎರಡನೆಯದಕ್ಕೆ ಆಕ್ಷೇಪಣೆ ಏನೆಂದರೆ, ರೇಸು ಮುಗಿಯುವುದು ಸಂಜೆ. ತಾವು ಓಡಿಸಿದರೆ ಗೆರೆ ದಾಟಿದ ಮೇಲೆ ತಾವು ಇಳಿಯಬೇಕು, ಬೆಲ್ಟು ಬಿಚ್ಚಬೇಕು, ನಾನು ಹತ್ತಬೇಕು, ತಮ್ಮ ಉದ್ದದ ಕಾಲಿಗೆ ಹಿಂದೆ ಸರಿಸಿದ ಸೀಟನ್ನು ಮುಂದಕ್ಕೆ ಎಳೆಯಬೇಕು. ಆ ಸೀಟು ಸುಲಭಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಸೂರ್ಯ ಕಾಯುವುದಿಲ್ಲ. ಆದ್ದರಿಂದ ಮೊದಲಿನಿಂದಲೂ ನಾನೇ ಕೂತಿರುವುದು ಕ್ಷೇಮ.

ಜನ ನೋಡಿದರೆ ನನಗೆ ನಾಚಿಕೆಯಾಗುತ್ತದೆಂದು ತಾವು ಹೇಳಬಹುದು. ನಿಜ. ಆದರೆ ಹೆಲ್ಮೆಟ್ ಕಡ್ಡಾಯವಾಗಿರುವ ಕಾರಣ ಮುಖ ಕಾಣುವುದಿಲ್ಲ. ಇಂಥ ಅನುಕೂಲ ಮದುವೆ ಮನೆಗಳಲ್ಲೂ ಇಲ್ಲ. ನನಗೆ ರಿವರ್ಸ್ ಸರಿಯಾಗಿ ಬರುವುದಿಲ್ಲ ಎಂಬುದೂ ನಿಜ. ರೇಸಿನಲ್ಲಿ ರಿವರ್ಸ್ ಇಲ್ಲವೆಂದು ವಿಚಾರಿಸಿಕೊಂಡಿದ್ದೇನೆ.

೮. ಇನ್ನೊಂದು ಕಾರಣವಿದೆ, ಅದಕ್ಕೆ ಪುಸ್ತಕದಲ್ಲಿ ಮಾದರಿ ಇರಲಿಲ್ಲ. ನಮ್ಮ ತಿರುವಿನಲ್ಲಿ ಎಲ್ಲರೂ ಎಲ್ಲಿಗೋ ಹೋಗುತ್ತಿರುತ್ತಾರೆ. ಹಾಲು ತಂದು ಹಾಕಿದ ಮೇಲೆ ನಾನು ಟೀ ಸೋಸುತ್ತಾ ನೋಡುತ್ತಿರುತ್ತೇನೆ. ಶುಕ್ರವಾರ ನಾನು ಹೋದೆ. ಅಷ್ಟೆ.

ಆದಕಾರಣ ಮಾನ್ಯ ಅಧ್ಯಕ್ಷರು ದಯಮಾಡಿ ಚಾಲಕಿಯ ಜಾಗವನ್ನು ನನಗೆ ಕೊಡಬೇಕು. ತಾವು ಧ್ವಜದ ಪಕ್ಕ ನಿಂತು, ತಂಗಿಗೆ ಎಲ್ಲ ಕಲಿಸಿದ್ದು ನಾನೇ ಎಂದು ಹೇಳಿಕೊಂಡರೆ ನನ್ನ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ ಹಾಗೂ ಒಬ್ಬಳೇ ತಂಗಿ,
ಭವ್ಯಶ್ರೀ

ಲಗತ್ತುಗಳು:
೧. ಚಾಲನಾ ಪರವಾನಗಿಯ ಜೆರಾಕ್ಸ್. (ಫೋಟೋದಲ್ಲಿ ಕಣ್ಣು ಮುಚ್ಚಿದೆ. ಓಡಿಸುವಾಗ ತೆರೆದಿರುತ್ತದೆ.)
೨. ಅಮ್ಮನ ಒಪ್ಪಿಗೆ. (ಬಾಯಿಮಾತಿನದು. ಬೇಕಾದರೆ ಜೋರಾಗಿ ಮತ್ತೊಮ್ಮೆ ಕೊಡುತ್ತಾರೆ.)
೩. ಚಲುವಯ್ಯನ ಹೆಬ್ಬೆಟ್ಟು. (ಬೋಂಡಾ ಎಣ್ಣೆಯದು. ಸಹಿ ಎಂದು ಭಾವಿಸಬೇಕು.)

ವಿಶೇಷ ಸೂಚನೆ: ಗೆರೆ ದಾಟಿದ ಮೇಲೆ ನಾನು ಆದಿರಾಜಯ್ಯನವರನ್ನು ಹತ್ತಿಸಿಕೊಂಡು ನೇರ ಬೆಳಗೊಳದ ರಸ್ತೆ ಹಿಡಿಯುತ್ತೇನೆ. ಹುಡುಗಿ ಕಾರಿನ ಸಮೇತ ಓಡಿಹೋದಳೆಂದು ಮೈಕಿನಲ್ಲಿ ಕೂಗಿಸಬಾರದು. ಬಹುಮಾನ ಕೊಡುವ ಹೊತ್ತಿಗೆ ನಾನು ಅಲ್ಲಿರುವುದಿಲ್ಲವಾದ ಕಾರಣ, ಕಪ್ಪನ್ನು ತಾವೇ ಇಸಿದುಕೊಂಡು, ಬರುವಾಗ ಅದರಲ್ಲಿ ಹಾಲು ತರಬೇಕಾಗಿ ಕೋರಿಕೆ.